ಮೇಷ್ಟ್ರು ಕೈಗಿಟ್ಟ ಆತ್ಮಕಥೆ

ಕಾಲೇಜು ಅಂದರೆ ನನಗೆ ಮೊದಲು ನೆನಪಾಗುವುದು ಲೈಬ್ರರಿ. ನಮ್ಮ ಇತಿಹಾಸದ ಮೇಷ್ಟ್ರು ಅಲ್ಲೇ ನನಗೆ ಯುಲಿಸಿಸ್ ಗ್ರಾಂಟ್ ಆತ್ಮಕಥೆ ಓದಲು ಕೊಟ್ಟಿದ್ದು. ಅಮೆರಿಕದ ಅಂತರ್ಯುದ್ಧ ಗೆದ್ದ ಸೇನಾಪತಿ, ಆಮೇಲೆ ಎರಡು ಬಾರಿ ಅಧ್ಯಕ್ಷರಾದವರು. ಈಗ ಓದುತ್ತಿರುವ ನಿಮಗೆ ಒಂದೇ ಒಂದು ಪುಸ್ತಕ ಹೇಳಬೇಕೆಂದರೆ ನಾನು ಇದನ್ನೇ ಹೇಳುತ್ತೇನೆ.

ಯಾಕೆ ಅಂದರೆ, ಇಷ್ಟು ದೊಡ್ಡ ಯೋಧ ತನ್ನ ಭಯವನ್ನು ಮುಚ್ಚಿಡುವುದಿಲ್ಲ. 1861ರಲ್ಲಿ ಮಿಸೌರಿಯಲ್ಲಿ ಹ್ಯಾರಿಸ್ ಎಂಬ ಶತ್ರು ಕರ್ನಲ್ ಮೇಲೆ ದಂಡೆತ್ತಿ ಹೊರಟಿದ್ದಾರೆ. ಗುಡ್ಡ ಹತ್ತುತ್ತಾ ಹತ್ತುತ್ತಾ ಎದೆ ಬಾಯಿಗೆ ಬಂದಂತಾಗುತ್ತದೆ, ವಾಪಸ್ ಇಲಿನಾಯ್‌ಗೆ ಹೋಗಿಬಿಟ್ಟರೆ ಸಾಕು ಅನ್ನಿಸುತ್ತದೆ, ಆದರೆ ನಿಲ್ಲಿ ಅಂತ ಸೈನಿಕರಿಗೆ ಹೇಳುವಷ್ಟು ಧೈರ್ಯವೂ ಇಲ್ಲದೆ ಸುಮ್ನೆ ಮುಂದೆ ನಡೆಯುತ್ತಾರೆ. ಮೇಲೆ ಹೋಗಿ ನೋಡಿದರೆ ಶಿಬಿರ ಖಾಲಿ! ನನಗೆ ಅವನ ಭಯ ಇದ್ದಷ್ಟೇ ಅವನಿಗೂ ನನ್ನ ಭಯ ಇತ್ತು ಅನ್ನುವುದು ಅವರಿಗೆ ಹೊಳೆದದ್ದು ಆಗಲೇ. ಈ ಪುಟವನ್ನು ನಾನು ಎಷ್ಟು ಸಲ ಓದಿದ್ದೇನೋ.

ಅದೇ ಅಂತರ್ಯುದ್ಧದ ಕೋಲ್ಡ್ ಹಾರ್ಬರ್ ಕದನದಲ್ಲಿ ಕೊನೆಯ ದಾಳಿ ಮಾಡಿಸಿದ್ದಕ್ಕೆ ಸದಾ ವಿಷಾದವಿದೆ ಎಂದು ನೇರವಾಗಿ ಬರೆದಿದ್ದಾರೆ. ತಾವೇ ಹೋರಾಡಿದ ಮೆಕ್ಸಿಕೋ ಯುದ್ಧವನ್ನು ಅನ್ಯಾಯದ ಯುದ್ಧ ಅಂದಿದ್ದಾರೆ. ಎಷ್ಟು ಜನ ಸೇನಾನಾಯಕರು ಹೀಗೆ ಬರೆದಾರು?

ಶತ್ರುಸೈನ್ಯ ಶರಣಾದ ಅಪೊಮಾಟಕ್ಸ್ ಊರಿನ ಭಾಗವನ್ನಂತೂ ನಿಧಾನವಾಗಿ ಓದಿ. 1865ರ ಏಪ್ರಿಲ್ 9. ಶರಣಾಗಲು ಬಂದ ಶತ್ರು ಸೇನಾಪತಿ ಲೀ ಹೊಸ ಸಮವಸ್ತ್ರದಲ್ಲಿ, ಸೊಂಟದಲ್ಲಿ ಒಳ್ಳೆಯ ಕತ್ತಿ. ಗೆದ್ದ ಗ್ರಾಂಟ್ ಮೈಮೇಲೆ ಸಾಮಾನ್ಯ ಸಿಪಾಯಿಯ ಅಂಗಿ, ಕತ್ತಿಯೂ ಇಲ್ಲ. ಇಬ್ಬರೂ ಅಂತರ್ಯುದ್ಧಕ್ಕೆ ಮುಂಚೆ ಒಂದೇ ಸೈನ್ಯದಲ್ಲಿದ್ದ ಹಳೇ ದಿನಗಳ ಮಾತಿಗೆ ಕೂತುಬಿಡುತ್ತಾರೆ, ಬಂದ ಕೆಲಸವನ್ನು ಲೀ ಅವರೇ ನೆನಪಿಸಬೇಕಾಗುತ್ತದೆ. ಸೋತ ಸೈನಿಕರು ಉಳುಮೆಗೆ ಬೇಕೆಂದು ತಮ್ಮ ಕುದುರೆಗಳನ್ನು ಮನೆಗೆ ಒಯ್ಯಬಹುದು ಎನ್ನುತ್ತಾರೆ ಗ್ರಾಂಟ್. ತಮ್ಮ ಕಡೆಯವರು ವಿಜಯದ ತೋಪು ಹಾರಿಸಲು ಶುರುಮಾಡಿದಾಗ ತಕ್ಷಣ ನಿಲ್ಲಿಸುತ್ತಾರೆ.

ಇದನ್ನೆಲ್ಲ ಬರೆದದ್ದು ಗಂಟಲು ಕ್ಯಾನ್ಸರ್‌ನಿಂದ ನರಳುತ್ತಾ. 1884ರಲ್ಲಿ ಪಾಲುದಾರನ ಮೋಸದಿಂದ ದುಡ್ಡೆಲ್ಲ ಹೋಗಿತ್ತು, ಮನೆಯವರಿಗೆ ಏನಾದರೂ ಉಳಿಸಬೇಕಿತ್ತು. ಮಾರ್ಕ್ ಟ್ವೈನ್ ಪ್ರಕಟಿಸಲು ಮುಂದೆ ಬಂದರು. ಬರೆದು ಮುಗಿಸಿದ ಕೆಲವೇ ದಿನಗಳಲ್ಲಿ, 1885ರ ಜುಲೈ 23ರಂದು ಗ್ರಾಂಟ್ ತೀರಿಕೊಂಡರು. ಪುಸ್ತಕದಿಂದ ಹೆಂಡತಿ ಜೂಲಿಯಾಗೆ 4 ಲಕ್ಷ ಡಾಲರ್‌ಗೂ ಜಾಸ್ತಿ ಬಂತು.

ಎರಡನೇ ಸಂಪುಟದಲ್ಲಿ ಯುದ್ಧದ ಮೇಲೆ ಯುದ್ಧ. ಪಕ್ಕದಲ್ಲಿ ನಕ್ಷೆ ಇಟ್ಟುಕೊಂಡರೆ ಒಳ್ಳೆಯದು. ಅಧ್ಯಕ್ಷರಾಗಿದ್ದ ಕಾಲದ ಕತೆ ಇದರಲ್ಲಿಲ್ಲ, ಅದಕ್ಕೆ ಬೇರೆ ಪುಸ್ತಕ ಹುಡುಕಬೇಕು. ಹಕ್ಕುಸ್ವಾಮ್ಯ ಮುಗಿದಿರುವುದರಿಂದ ಇಂಗ್ಲಿಷ್ ಮೂಲ ಅಂತರ್ಜಾಲದಲ್ಲಿ ಪುಕ್ಕಟೆ ಸಿಗುತ್ತದೆ. ಹ್ಯಾರಿಸ್ ಪ್ರಸಂಗ ಮೊದಲ ಸಂಪುಟದಲ್ಲಿದೆ, ಬೇಕಾದರೆ ಅಲ್ಲಿಂದಲೇ ಶುರುಮಾಡಿ.