ಹಲ್ಲಿನ ಡಾಕ್ಟರು ಸಭೆಗೂ ಹೋಗಬೇಕು

ಇಂಗ್ಲೆಂಡಿನ ಸರ್ಕಾರಿ ಆರೋಗ್ಯ ಸೇವೆಯಾದ ಎನ್‌ಎಚ್‌ಎಸ್‌ನಲ್ಲಿ ದಂತವೈದ್ಯರ ಕೆಲಸವನ್ನು ಯೂನಿಟ್ ಲೆಕ್ಕದಲ್ಲಿ ಅಳೆದು ಹಣ ಕೊಡುತ್ತಾರೆ. 2006ರ ಏಪ್ರಿಲ್‌ನಲ್ಲಿ ಬಂದ ಒಪ್ಪಂದ ಇದು. ಆಗಿನ ಲೆಕ್ಕ ಹೀಗಿತ್ತು: ತಪಾಸಣೆಗೆ 1 ಯೂನಿಟ್. ಹಲ್ಲು ತುಂಬಿದರೆ, ಕಿತ್ತರೆ, ರೂಟ್ ಕೆನಾಲ್ ಮಾಡಿದರೆ 3. ಕ್ಯಾಪ್ ಅಥವಾ ಹಲ್ಲಿನ ಸೆಟ್ ಆದರೆ 12. ಒಂದು ಹಲ್ಲು ತುಂಬಿದವರಿಗೂ ಮೂರೇ. ಆರು ಹಲ್ಲು ತುಂಬಿ, ಮೇಲೆ ದವಡೆ ಹಲ್ಲಿನ ರೂಟ್ ಕೆನಾಲನ್ನೂ ಮುಗಿಸಿದವರಿಗೂ ಮೂರೇ. ವರ್ಷಕ್ಕೆ ಒಪ್ಪಿಕೊಂಡ ಯೂನಿಟ್‌ಗಳಲ್ಲಿ ಶೇಕಡಾ 96ರಷ್ಟನ್ನು ಮುಟ್ಟದಿದ್ದರೆ ಕ್ಲಿನಿಕ್ ಹಣ ವಾಪಸ್ ಕಟ್ಟಬೇಕು. ಹುಳುಕು ಹೆಚ್ಚಾಗಿರುವುದು ಬಡವರ ಬಾಯಲ್ಲಿ. ಅಂಥವರನ್ನು ಮನಸ್ಸಿಟ್ಟು ನೋಡಿದ ಕ್ಲಿನಿಕ್ಕೇ ನಷ್ಟಕ್ಕೆ ಬೀಳುವಂತಾಯಿತು. ಹತ್ತರಲ್ಲಿ ಒಂಬತ್ತು ಎನ್‌ಎಚ್‌ಎಸ್ ಕ್ಲಿನಿಕ್‌ಗಳು ಹೊಸ ವಯಸ್ಕ ರೋಗಿಗಳನ್ನು ಸೇರಿಸಿಕೊಳ್ಳುತ್ತಿಲ್ಲವೆಂದು 2022ರಲ್ಲಿ ಬಿಬಿಸಿ ವರದಿ ಮಾಡಿತು. 2024ರ ಫೆಬ್ರುವರಿಯಲ್ಲಿ ಬ್ರಿಸ್ಟಲ್ ನಗರದಲ್ಲಿ ಹೊಸ ಕ್ಲಿನಿಕ್ ಒಂದು ಬಾಗಿಲು ತೆರೆದಾಗ ನೂರಾರು ಜನ ರಸ್ತೆಯುದ್ದಕ್ಕೂ ಸಾಲುಗಟ್ಟಿ ನಿಂತರು, ಪೊಲೀಸರು ಬರಬೇಕಾಯಿತು.

ದಾವಣಗೆರೆಯಲ್ಲಿ ಬಿಡಿಎಸ್ ಓದಿ ಇಲ್ಲಿಗೆ ಬಂದ ನಾನು ಈ ಲೆಕ್ಕದೊಳಗೇ ದುಡಿಯುತ್ತಿದ್ದೇನೆ. ಈ ಲೆಕ್ಕ ತಪ್ಪು ಎಂದು ಬಿಡದೆ ಹೇಳುತ್ತ ಬಂದವರು ಯಾರು, ಹೇಗೆ ಹೇಳಿದರು ಎಂಬುದನ್ನು ಊರಿನ ಗೆಳೆಯರಿಗೆ ತಿಳಿಸಬೇಕೆಂದು ಬರೆಯುತ್ತಿದ್ದೇನೆ.

ಇಲ್ಲಿ ಪ್ರತಿಯೊಂದು ಪ್ರದೇಶಕ್ಕೂ ಸ್ಥಳೀಯ ದಂತವೈದ್ಯರ ಸಮಿತಿ ಎಂಬುದೊಂದಿದೆ. ಅದಕ್ಕೆ ಕಾನೂನಿನ ಮಾನ್ಯತೆ ಇದೆ. ಸಮಿತಿಯ ಖರ್ಚಿಗೆಂದು ಕ್ಲಿನಿಕ್‌ಗಳಿಗೆ ಬರುವ ಎನ್‌ಎಚ್‌ಎಸ್ ಹಣದಲ್ಲಿ ಸಣ್ಣ ಪಾಲೊಂದು ಕಡಿತವಾಗುತ್ತದೆ. ಸದಸ್ಯರೆಲ್ಲ ದಿನವಿಡೀ ರೋಗಿಗಳನ್ನು ನೋಡಿ ಸಂಜೆ ಬಂದು ಕೂರುವವರು. ಅಲ್ಲಿ ಭಾಷಣ ಕಡಿಮೆ. ಒಬ್ಬರು ಏಳುತ್ತಾರೆ, ದವಡೆ ಹಲ್ಲಿನ ರೂಟ್ ಕೆನಾಲ್‌ಗೆ ತಮಗೆ ಎಷ್ಟು ಹೊತ್ತು ಹಿಡಿಯಿತು, ಬಂದ ಹಣ ಎಷ್ಟು, ಅದರಲ್ಲಿ ಸಾಮಗ್ರಿಗೆ ಹೋದದ್ದೆಷ್ಟು ಎಂದು ಚೀಟಿ ನೋಡಿ ಓದುತ್ತಾರೆ. ಇನ್ನೊಬ್ಬರು ತಮ್ಮ ಲೆಕ್ಕವನ್ನು ಸೇರಿಸುತ್ತಾರೆ. ಕೊನೆಗೆ ಎರಡು ಸಾಲಿನ ನಿರ್ಣಯ ಸಿದ್ಧವಾಗುತ್ತದೆ. ಎಲ್ಲ ಸಮಿತಿಗಳೂ ಸೇರುವ ವಾರ್ಷಿಕ ಸಮ್ಮೇಳನದಲ್ಲಿ ಆ ನಿರ್ಣಯದ ಮೇಲೆ ಚರ್ಚೆ ನಡೆದು ಮತಕ್ಕೆ ಹಾಕುತ್ತಾರೆ. ಗೆದ್ದರೆ, 1880ರಲ್ಲಿ ಹುಟ್ಟಿದ ಬ್ರಿಟಿಷ್ ಡೆಂಟಲ್ ಅಸೋಸಿಯೇಷನ್ ಅದನ್ನು ಹಿಡಿದು ಸರ್ಕಾರದೊಂದಿಗೆ ಮಾತಿಗೆ ಕೂರುತ್ತದೆ. ಕಷ್ಟಕ್ಕೆ ಸಿಲುಕಿದ ದಂತವೈದ್ಯರಿಗೆ ಗುಟ್ಟು ಬಿಡದೆ ನೆರವಾಗುವ ಕೆಲಸವನ್ನೂ ಎಷ್ಟೋ ಸಮಿತಿಗಳು ಮಾಡುತ್ತವೆ. ನನಗೆ ಸಮಿತಿಯ ಮೇಲೆ ಗೌರವ ಹುಟ್ಟಿದ್ದು ಅದನ್ನು ಕಂಡ ಮೇಲೆ.

ಫಲ ನಿಧಾನ. 2008ರಲ್ಲಿ ಸಂಸತ್ತಿನ ಆರೋಗ್ಯ ಸಮಿತಿ ಈ ಒಪ್ಪಂದವನ್ನು ಕಟುವಾಗಿ ಟೀಕಿಸಿತು. 2009ರಲ್ಲಿ ಪ್ರೊಫೆಸರ್ ಜಿಮ್ಮಿ ಸ್ಟೀಲ್ ಅವರ ಪರಿಶೀಲನಾ ವರದಿ ಬಂತು. ಆದರೂ ಮೂರು ಅಥವಾ ಹೆಚ್ಚು ಹಲ್ಲುಗಳನ್ನು ತುಂಬಿದರೆ 5 ಯೂನಿಟ್, ದವಡೆ ಹಲ್ಲಿನ ರೂಟ್ ಕೆನಾಲ್‌ಗೆ 7 ಯೂನಿಟ್ ಎಂದು ಆದದ್ದು 2022ರ ಕೊನೆಗೆ. ಇದು ಸಾಲದು, ಬುಡದಿಂದಲೇ ಬದಲಾಗಬೇಕು ಎಂದು 2023ರಲ್ಲಿ ಸಂಸತ್ತಿನ ಸಮಿತಿ ಮತ್ತೊಮ್ಮೆ ಹೇಳಿತು. ಸಂಜೆಯ ಸಭೆಗಳಲ್ಲಿ ಚೀಟಿ ಓದಿದವರು ಸುಮ್ಮನಿದ್ದಿದ್ದರೆ ಆ ಐದೂ ಏಳೂ ಬರುತ್ತಿರಲಿಲ್ಲವೆಂದು ನಾನು ನಂಬಿದ್ದೇನೆ.

ಕಳೆದ ರಜೆಯಲ್ಲಿ ಊರಿಗೆ ಬಂದಾಗ ಪಿ.ಜೆ. ಬಡಾವಣೆಯ ಕ್ಲಿನಿಕ್ ಒಂದರಲ್ಲಿ ಹಳೆಯ ಸಹಪಾಠಿಗಳೂ ಕೆಲವು ಕಿರಿಯರೂ ಸಿಕ್ಕಿದ್ದರು. ಇದೆಲ್ಲವನ್ನೂ ಹೇಳಿದೆ. ಒಬ್ಬ ಹುಡುಗಿ, ‘ಅಕ್ಕಾ, ಅಲ್ಲಿ ಕೇಳುವವರಿದ್ದಾರೆ. ಇಲ್ಲಿ ನಮ್ಮ ಮಾತು ಯಾರಿಗೆ ಬೇಕು?’ ಎಂದಳು. ಬಿಡಿಎಸ್ ಮುಗಿಸಿ ಇನ್ನೊಬ್ಬರ ಕ್ಲಿನಿಕ್‌ನಲ್ಲಿ ಅಲ್ಪ ಸಂಬಳಕ್ಕೆ ದುಡಿಯುತ್ತಿರುವವಳು. ಅವಳ ಬೇಸರ ನ್ಯಾಯವಾದದ್ದೇ. ಆದರೆ ಅವಳ ತೀರ್ಮಾನವನ್ನು ನಾನು ಒಪ್ಪಲಾರೆ.

ನಮ್ಮ ವೃತ್ತಿ ಭಾರತದಲ್ಲಿ ನೆಲೆ ಕಂಡಿದ್ದೇ ಮುಂದೆ ಬಂದು ಕೇಳಿದವರಿಂದ. 1920ರಲ್ಲಿ ಕಲ್ಕತ್ತದಲ್ಲಿ ದೇಶದ ಮೊದಲ ದಂತ ವೈದ್ಯಕೀಯ ಕಾಲೇಜು ಕಟ್ಟಿದ ಡಾ. ರಫಿಯುದ್ದೀನ್ ಅಹ್ಮದ್ ಕಾಲೇಜಿನೊಳಗೇ ಉಳಿಯಲಿಲ್ಲ. ವೃತ್ತಿಗೊಂದು ಕಾನೂನು ಬೇಕೆಂದು ದುಡಿದರು, ಸ್ವಾತಂತ್ರ್ಯದ ನಂತರ ಪಶ್ಚಿಮ ಬಂಗಾಳದಲ್ಲಿ ಮಂತ್ರಿಯೂ ಆದರು. 1939ರಲ್ಲಿ ಬಂಗಾಳಕ್ಕೆ, 1948ರಲ್ಲಿ ದೇಶಕ್ಕೆ ದಂತವೈದ್ಯರ ಕಾಯ್ದೆ ಬಂತು. ಡಿಸೆಂಬರ್ 24ನ್ನು ದಂತವೈದ್ಯರ ದಿನವೆಂದು ಆಚರಿಸುವುದು ಅವರ ಹುಟ್ಟಿದ ದಿನದ ನೆನಪಿಗೆ.

ಆ 1948ರ ಕಾಯ್ದೆಯ ಜಾಗಕ್ಕೆಂದು 2023ರಲ್ಲಿ ಸಂಸತ್ತು ರಾಷ್ಟ್ರೀಯ ದಂತ ವೈದ್ಯಕೀಯ ಆಯೋಗದ ಕಾಯ್ದೆಯನ್ನು ಮಾಡಿತು. ಹಳೆಯ ಭಾರತೀಯ ದಂತ ವೈದ್ಯಕೀಯ ಪರಿಷತ್ತಿಗೆ ಪ್ರತಿ ರಾಜ್ಯದ ನೋಂದಾಯಿತ ದಂತವೈದ್ಯರು ತಮ್ಮವರೊಬ್ಬರನ್ನು ಚುನಾಯಿಸುವ ಅವಕಾಶವಿತ್ತು. ಹೊಸ ಆಯೋಗದ ಅಧ್ಯಕ್ಷರನ್ನು ಶೋಧನಾ ಸಮಿತಿಯ ಶಿಫಾರಸಿನ ಮೇಲೆ ಕೇಂದ್ರ ಸರ್ಕಾರ ನೇಮಿಸುತ್ತದೆ. ಮೇಲಿನ ಮಟ್ಟದಲ್ಲಿ ನೇಮಕಕ್ಕೆ ತೂಕ ಹೆಚ್ಚಿದಾಗ ರಾಜ್ಯ ದಂತ ವೈದ್ಯಕೀಯ ಪರಿಷತ್ತಿನಲ್ಲೂ ಭಾರತೀಯ ದಂತವೈದ್ಯರ ಸಂಘದಲ್ಲೂ ಗಟ್ಟಿ ದನಿ ಇರಲೇಬೇಕು. ಸಂಘದ ಉಪನ್ಯಾಸ, ಶಾಲೆಗಳಲ್ಲಿ ತಪಾಸಣಾ ಶಿಬಿರ, ಕುಟುಂಬ ಮಿಲನ ಎಲ್ಲವೂ ನಡೆಯಲಿ. ಅವುಗಳ ನಡುವೆ ಒಂದು ಸಂಜೆಯನ್ನು ವೃತ್ತಿಯ ಕಷ್ಟಗಳಿಗೇ ಮೀಸಲಿಡಬಾರದೇಕೆ? ಒಂದೇ ಕುರ್ಚಿಯ ಕ್ಲಿನಿಕ್ಕಿಗೂ ರಾಜ್ಯದ ಖಾಸಗಿ ವೈದ್ಯಕೀಯ ಸಂಸ್ಥೆಗಳ ಕಾಯ್ದೆಯಾದ ಕೆಪಿಎಂಇ ಅಡಿ ನೋಂದಣಿ ಬೇಕು, ಜೈವಿಕ ತ್ಯಾಜ್ಯದ ವ್ಯವಸ್ಥೆ ಬೇಕು, ಎಕ್ಸ್‌ರೇ ಯಂತ್ರಕ್ಕೆ ಬೇರೆಯೇ ಅನುಮತಿ ಬೇಕು. ಈ ನಿಯಮಗಳು ರೋಗಿಯ ಸುರಕ್ಷೆಗಾಗಿ ಇವೆ, ಇರಲಿ. ಎಲ್ಲಿ ಹೊರೆಯಾಗುತ್ತಿವೆ ಎಂಬುದನ್ನು ಮಾತ್ರ ನಿತ್ಯ ಅನುಭವಿಸುವವರೇ ಹೇಳಬೇಕು. ಕಿರಿಯರ ಸಂಬಳದ ಮಾತನ್ನೂ ಅಲ್ಲಿಯೇ ಎತ್ತಬೇಕು, ಕಿರಿಯರೇ ಎತ್ತಬೇಕು.

ಇನ್ನೂ ದೊಡ್ಡದೊಂದಿದೆ. ಚನ್ನಗಿರಿಯ ಕಡೆ ಅಡಿಕೆ ಬದುಕು, ನಿಜ. ಅದೇ ಅಡಿಕೆಯನ್ನು ಗುಟ್ಕಾ ಮಾಡಿ ಜಗಿದು, ಎರಡು ಬೆರಳಷ್ಟೂ ಬಾಯಿ ತೆರೆಯಲಾಗದೆ ನಮ್ಮ ಕುರ್ಚಿಗೆ ಬಂದು ಕೂರುವ ಹುಡುಗರಿದ್ದಾರೆ. ಅಡಿಕೆ ಜಗಿತ ಕ್ಯಾನ್ಸರ್‌ಕಾರಕವೆಂದು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ ಹೇಳಿ ಎರಡು ದಶಕವಾಯಿತು. ಆ ಬಾಯಿಗಳನ್ನು ಮೊದಲು ನೋಡುವವರು ನಾವೇ. ನೋಡಿದ್ದು ನಮ್ಮ ಕೇಸ್ ಪೇಪರ್‌ನಲ್ಲೇ ಉಳಿದರೆ ಜಿಲ್ಲಾಡಳಿತಕ್ಕೆ ಗೊತ್ತಾಗುವುದು ಹೇಗೆ?

ಆ ಹುಡುಗಿಗೆ ಹೇಳಿದ್ದನ್ನೇ ಇಲ್ಲಿಯೂ ಹೇಳುತ್ತೇನೆ. ರಾಜ್ಯ ಪರಿಷತ್ತಿನಲ್ಲಿ ನಿಮ್ಮ ನೋಂದಣಿಯೂ ವಿಳಾಸವೂ ಸರಿಯಿವೆಯೇ ನೋಡಿಕೊಳ್ಳಿ. ಚುನಾವಣೆ ಬಂದಾಗ ಮತ ಹಾಕಿ, ಸಾಧ್ಯವಾದರೆ ನೀವೇ ನಿಲ್ಲಿ. ಬಾಯಿ ತೆರೆಯಲಾಗದ ರೋಗಿಗಳ ಲೆಕ್ಕವನ್ನು ಮೂರು ತಿಂಗಳ ಕಾಲ ಹೆಸರಿಲ್ಲದೆ, ವಯಸ್ಸು ಮತ್ತು ತಾಲ್ಲೂಕು ಮಾತ್ರ ಬರೆದು ಇಡಿ. ಹತ್ತು ಕ್ಲಿನಿಕ್‌ಗಳ ಲೆಕ್ಕ ಕೂಡಿಸಿ, ಸಂಘದ ಸಭೆಯಲ್ಲಿ ನಿರ್ಣಯ ಮಾಡಿಸಿ, ನಾಲ್ಕೈದು ಮಂದಿ ಒಟ್ಟಿಗೆ ಜಿಲ್ಲಾ ಆರೋಗ್ಯಾಧಿಕಾರಿಗಳ ಕಚೇರಿಗೆ ಹೋಗಿ ಕೊಡಿ. ಸ್ವೀಕೃತಿಯ ಮುದ್ರೆ ಹಾಕಿಸಿಕೊಂಡೇ ಬನ್ನಿ. ಮುಂದಿನ ತಿಂಗಳು ಮತ್ತೆ ಹೋಗಿ ಏನಾಯಿತೆಂದು ಕೇಳಿ.