ಆ ಹುಡುಗಿ ಎರಡು ಚಂದದ ಮಾತಾಡಿದ್ರೆ ಗಂಟೇನು ಹೋಗ್ತಿತ್ತು?

ದಾವಣಗೆರೆಯಲ್ಲಿ ಇಂಗ್ಲಿಷ್ ಪಾಠ ಮಾಡಿಕೊಂಡು ಬಂದ ನನಗೆ ಶೇಕ್ಸ್‌ಪಿಯರ್ ಬಗ್ಗೆ ತರಾವರಿ ಪ್ರಶ್ನೆಗಳು ಬರುತ್ತವೆ. 'ಕಿಂಗ್ ಲಿಯರ್' ವಿಷಯಕ್ಕೆ ಬಂದರೆ ಮಾತ್ರ ಎಲ್ಲರದೂ ಒಂದೇ ಪ್ರಶ್ನೆ. ವಿದ್ಯಾರ್ಥಿಗಳು ಕೇಳಿದ್ದಾರೆ, ಅವರ ಅಪ್ಪಂದಿರು ಕೇಳಿದ್ದಾರೆ, ಸಾಣೇಹಳ್ಳಿಯಲ್ಲಿ ನಾಟಕ ನೋಡಿ ವಾಪಸ್ ಬರುವಾಗ ಬಸ್ಸಿನಲ್ಲಿ ಪಕ್ಕ ಕೂತವರೂ ಕೇಳಿದ್ದಾರೆ. "ಅಲ್ಲ ಸರ್, ಆ ಕಾರ್ಡೀಲಿಯಾ ಅಪ್ಪನಿಗೆ ಎರಡು ಚಂದದ ಮಾತು ಹೇಳಿದ್ರೆ ಅವಳ ಗಂಟೇನು ಹೋಗ್ತಿತ್ತು?"

ಕಥೆ ಮರೆತವರಿಗೆ ಚುಟುಕಾಗಿ ಹೇಳುತ್ತೇನೆ. ಲಿಯರ್ ಬ್ರಿಟನ್ನಿನ ರಾಜ, 80 ದಾಟಿದ ಮುದುಕ. ಗಾನರಿಲ್, ರೀಗನ್, ಕಾರ್ಡೀಲಿಯಾ ಅಂತ ಮೂವರು ಹೆಣ್ಣುಮಕ್ಕಳು. ರಾಜ್ಯವನ್ನು ಮೂರು ಪಾಲು ಮಾಡಿ, ಯಾರು ನನ್ನನ್ನು ಜಾಸ್ತಿ ಪ್ರೀತಿಸುತ್ತೀರೋ ಅವರಿಗೆ ದೊಡ್ಡ ಪಾಲು ಅನ್ನುತ್ತಾನೆ. ದೊಡ್ಡವರಿಬ್ಬರು ಹೊಗಳಿ ಪಾಲು ತಗೊಳ್ಳುತ್ತಾರೆ. ಕಾರ್ಡೀಲಿಯಾ ಹೇಳಲು ಏನೂ ಇಲ್ಲ ಅನ್ನುತ್ತಾಳೆ. ಅಪ್ಪ ಅವಳನ್ನು ಬರಿಗೈಯಲ್ಲಿ ಹೊರಗೆ ಹಾಕುತ್ತಾನೆ. ಆಮೇಲೆ ಆ ಇಬ್ಬರು ಅಪ್ಪನನ್ನು ಬೀದಿಗೆ ತರುತ್ತಾರೆ. ಕೊನೆಗೆ ಎಲ್ಲರೂ ಸಾಯುತ್ತಾರೆ, ಕಾರ್ಡೀಲಿಯಾ ಸಹ.

ನಮ್ಮ ಊರವರಿಗೆ ಈ ಪ್ರಶ್ನೆ ಬರುವುದು ಸಹಜ. ಪಾಲಿನ ಜಗಳ ನೋಡದ ಮನೆ ನಮ್ಮ ಸೀಮೆಯಲ್ಲಿ ಎಲ್ಲಿದೆ? ಹಾಗಾಗಿಯೇ ಮೊದಲ ದೃಶ್ಯವನ್ನು ಸ್ವಲ್ಪ ಹುಷಾರಾಗಿ ನೋಡಿ ಅನ್ನುತ್ತೇನೆ. ಪರದೆ ಎದ್ದ ತಕ್ಷಣ ಬರುವುದು ರಾಜ ಅಲ್ಲ. ಕೆಂಟ್, ಗ್ಲಾಸ್ಟರ್ ಅನ್ನೋ ಇಬ್ಬರು ಹಿರಿಯ ಸರದಾರರು ಮಾತಾಡುತ್ತಾ ಬರುತ್ತಾರೆ. ಇಬ್ಬರು ಅಳಿಯಂದಿರ ಪಾಲು ತೂಗಿದ ಹಾಗೆ ಸಮ ಇದೆ, ರಾಜನಿಗೆ ಯಾರ ಮೇಲೆ ಒಲವು ಜಾಸ್ತಿ ಅಂತ ಗೊತ್ತೇ ಆಗುವುದಿಲ್ಲ ಅಂತ ಅವರು ಮಾತಾಡಿಕೊಳ್ಳುತ್ತಾರೆ. ಅಂದರೆ ಪಾಲು ಮೊದಲೇ ಆಗಿಹೋಗಿದೆ. ಪಾಲುಪಟ್ಟಿ ಬರೆದಾದ ಮೇಲೆ ಹಿರೇರನ್ನು ಕರೆದು "ಏನಪ್ಪಾ, ಎಲ್ಲರಿಗೂ ಒಪ್ಪಿಗೆನಾ?" ಅಂತ ಕೇಳುತ್ತಾರಲ್ಲ, ಅಷ್ಟೇ ಇದು.

ಸಂಶಯ ಇದ್ದರೆ ಇನ್ನೊಂದು ಗಮನಿಸಿ. ಗಾನರಿಲ್ ಮಾತು ಮುಗಿಸಿದ ಕೂಡಲೇ ಲಿಯರ್ ನಕ್ಷೆಯ ಮೇಲೆ ಗೆರೆ ತೋರಿಸಿ ಅವಳ ಪಾಲು ಕೊಟ್ಟುಬಿಡುತ್ತಾನೆ. ಇನ್ನಿಬ್ಬರು ಬಾಯಿ ತೆರೆದಿಲ್ಲ! ನಿಜವಾದ ಪೈಪೋಟಿ ಆಗಿದ್ದರೆ ಮೂವರ ಮಾತೂ ಕೇಳಬೇಕಿತ್ತು, ಅಲ್ವಾ? (ಅವನು ವರ್ಣಿಸುವುದು ಕಾಡು, ಹೊಲ, ಹೊಳೆ, ಹುಲ್ಲುಗಾವಲು. ನಮ್ಮ ಕಡೆಯವರಾಗಿದ್ದರೆ ಭದ್ರಾ ನಾಲೆ ನೀರು ಕೊನೇ ಗದ್ದೆವರೆಗೂ ಬರುತ್ತಾ ಅಂತ ಮೊದಲು ಕೇಳುತ್ತಿದ್ದರು.) ಕಾರ್ಡೀಲಿಯಾಗೆ ಅಂತ ಎಲ್ಲಕ್ಕಿಂತ ಸಮೃದ್ಧವಾದ ಭಾಗವನ್ನು ಅವನು ಎತ್ತಿಟ್ಟಿದ್ದಾನೆ. ಕೊನೆಗಾಲದಲ್ಲಿ ಅವಳ ಆರೈಕೆಯಲ್ಲೇ ಇರಬೇಕು ಅಂತ ಅವನ ಆಸೆ. ಅದನ್ನು ಅವನೇ ಬಾಯಿಬಿಟ್ಟು ಹೇಳುತ್ತಾನೆ, ಆದರೆ ಅವಳನ್ನು ಬೈದು ಹಾಕಿದ ಮೇಲೆ!

ಈಗ ಹುಡುಗಿಯ ಕಡೆಯಿಂದ ನೋಡಿ. ಅವತ್ತು ಅವಳ ಮದುವೆ ಗೊತ್ತಾಗುವ ದಿನ. ಫ್ರಾನ್ಸ್ ರಾಜ, ಬರ್ಗಂಡಿಯ ದೊರೆ ಇಬ್ಬರೂ ಹೊರಗೆ ಕಾಯುತ್ತಿದ್ದಾರೆ. ಒಳಗೆ ಮದುವೆಯಾದ ಅಕ್ಕಂದಿರು, ಗಂಡಂದಿರ ಎದುರಿಗೇ, ನನ್ನ ಪ್ರೀತಿಯೆಲ್ಲ ಅಪ್ಪನಿಗೆ ಅನ್ನುತ್ತಿದ್ದಾರೆ. ಹಾಗಿದ್ದರೆ ಗಂಡ ಯಾಕೆ ಬೇಕಿತ್ತು ಅಂತ ಕಾರ್ಡೀಲಿಯಾ ನೇರವಾಗಿ ಕೇಳುತ್ತಾಳೆ. ಹುಟ್ಟಿಸಿದಿರಿ, ಸಾಕಿದಿರಿ, ಪ್ರೀತಿಸಿದಿರಿ, ಮಗಳಾಗಿ ನಾನು ಕೊಡಬೇಕಾದ್ದನ್ನು ಕೊಡುತ್ತೇನೆ, ಮದುವೆಯಾದರೆ ಅರ್ಧ ಪ್ರೀತಿ ಗಂಡನಿಗೆ ಹೋಗುತ್ತದೆ ಅನ್ನುತ್ತಾಳೆ. ಇದರಲ್ಲಿ ತಪ್ಪೇನಿದೆ? ಒಂದೂ ಇಲ್ಲ. ಆದರೆ ಹೇಳುವ ಧಾಟಿ ಇದೆಯಲ್ಲ, ಅದು ಅಪ್ಪನದೇ. ಲಿಯರ್ ಅದಕ್ಕೆ ಜಂಬ ಅನ್ನುತ್ತಾನೆ. ಅವನ ಮಾತು ಪೂರ್ತಿ ಸುಳ್ಳಲ್ಲ ಅಂತ ನನ್ನ ಅಭಿಪ್ರಾಯ. ಅವಳನ್ನು ದೇವತೆ ಮಾಡಿ ಆಡಿಸುವ ನಿರ್ದೇಶಕರು ಈ ದೃಶ್ಯವನ್ನು ಸಪ್ಪೆ ಮಾಡುತ್ತಾರೆ.

ಅವಳು ಸುಮ್ನೆ ಎರಡು ಮಾತು ಹೇಳಿದ್ದರೆ ಎಲ್ಲ ಸರಿಹೋಗುತ್ತಿತ್ತೇ? ನನಗೆ ಹಾಗೆ ಅನ್ನಿಸುವುದಿಲ್ಲ. ಆಗಲೂ ಅಕ್ಕಂದಿರ ಕೈಗೆ ಎರಡು ಪಾಲು ಹೋಗುತ್ತಿತ್ತು. ಇಬ್ಬರು ಅಳಿಯಂದಿರ ನಡುವೆ ಹೊಗೆಯಾಡುತ್ತಿದೆ ಅನ್ನುವ ಸುದ್ದಿ ನಾಟಕದಲ್ಲಿ ಬೇಗನೆ ಬರುತ್ತದೆ. ಅದಕ್ಕೂ ಮಿಗಿಲಾಗಿ ಲಿಯರ್‌ನ ರೋಗ ಹಾಗೇ ಉಳಿಯುತ್ತಿತ್ತು. ಆ ರೋಗ ಏನು ಅಂತ ಎರಡನೇ ಅಂಕದ ಕೊನೆಯಲ್ಲಿ ಬಯಲಾಗುತ್ತದೆ. ಇಡೀ ನಾಟಕದಲ್ಲಿ ನಾನು ಹೆಚ್ಚು ಹೊತ್ತು ಪಾಠ ಮಾಡುವ ದೃಶ್ಯ ಅದು.

ರಾಜ್ಯ ಬಿಟ್ಟರೂ ಲಿಯರ್ 100 ಜನ ಸವಾರರನ್ನು ಇಟ್ಟುಕೊಂಡಿದ್ದಾನೆ. ಒಂದು ತಿಂಗಳು ಒಬ್ಬ ಮಗಳ ಮನೆ, ಇನ್ನೊಂದು ತಿಂಗಳು ಇನ್ನೊಬ್ಬಳ ಮನೆ. ಇದನ್ನು ಹೇಳಿದಾಗ ಒಬ್ಬ ಹುಡುಗಿ ಕ್ಲಾಸಿನಲ್ಲಿ ಎದ್ದು ನಿಂತು, "ಸರ್, 100 ಜನಕ್ಕೆ ರೊಟ್ಟಿ ಬಡಿಯೋರು ಯಾರು?" ಅಂದಳು. ಕ್ಲಾಸೆಲ್ಲ ನಕ್ಕಿತು. ಆದರೆ ಗಾನರಿಲ್ ತಕರಾರೂ ಹತ್ತಿರಹತ್ತಿರ ಅದೇ! ಅವಳು 100ನ್ನು 50 ಮಾಡುತ್ತಾಳೆ. ಸಿಟ್ಟಿನಿಂದ ಲಿಯರ್ ರೀಗನ್ ಬಳಿ ಹೋದರೆ ಅವಳು 25 ಸಾಕು ಅನ್ನುತ್ತಾಳೆ. ಆಗ ಮುದುಕ ಗಾನರಿಲ್ ಕಡೆ ತಿರುಗಿ, ನಿನ್ನ 50 ಅಂದರೆ 25ರ ಎರಡರಷ್ಟು, ಹಾಗಾಗಿ ನಿನ್ನ ಪ್ರೀತಿ ಅವಳದಕ್ಕಿಂತ ಎರಡು ಪಟ್ಟು ಅನ್ನುತ್ತಾನೆ. ಇಷ್ಟು ಪೆಟ್ಟು ತಿಂದ ಮೇಲೂ ಪ್ರೀತಿಯನ್ನು ಲೆಕ್ಕ ಹಾಕುವುದು ಬಿಟ್ಟಿಲ್ಲ. ಮಕ್ಕಳು ಅದೇ ಲೆಕ್ಕ ಮುಂದುವರಿಸುತ್ತಾರೆ. 25 ಯಾಕೆ, 10 ಯಾಕೆ, 5 ಯಾಕೆ, ಒಬ್ಬನಾದರೂ ಯಾಕೆ? ಮೊದಲ ದೃಶ್ಯದಲ್ಲಿ ಅಪ್ಪ ಕಲಿಸಿದ ಪಾಠವನ್ನೇ ಮಕ್ಕಳು ಒಪ್ಪಿಸುತ್ತಿದ್ದಾರೆ. ಕಾರ್ಡೀಲಿಯಾ ಒಪ್ಪದೆ ಇದ್ದದ್ದು ಈ ಲೆಕ್ಕಕ್ಕೆ.

ಬಿರುಗಾಳಿಯ ದೃಶ್ಯ ಎಲ್ಲರಿಗೂ ಗೊತ್ತು, ನಟರಿಗಂತೂ ಅದರ ಮೇಲೇ ಕಣ್ಣು. ಅಲ್ಲಿ ಕಿರುಚುವುದು ಸುಲಭ. ಗುಡಿಸಲಿನ ಮುಂದೆ ನಿಂತು, ಮೈಮೇಲೆ ಬಟ್ಟೆಯಿಲ್ಲದ ಬಡವರನ್ನು ನೆನೆದು, ಇವರ ಬಗ್ಗೆ ನಾನು ತಲೆ ಕೆಡಿಸಿಕೊಂಡದ್ದು ಬಹಳ ಕಡಿಮೆ ಅಂತ ರಾಜ ಒಪ್ಪಿಕೊಳ್ಳುವ ಗಳಿಗೆ ಕಷ್ಟ. ಗ್ಲಾಸ್ಟರನದೂ ಮಕ್ಕಳನ್ನು ಅರಿಯದ ಅಪ್ಪನ ಕಥೆಯೇ. ಎಡ್ಮಂಡ್ ಅನ್ನೋ ಮಗನ ಸುಳ್ಳು ಪತ್ರ ನಂಬಿ ಒಳ್ಳೆಯ ಮಗ ಎಡ್ಗರ್‌ನನ್ನು ಕಳೆದುಕೊಳ್ಳುತ್ತಾನೆ, ಆಮೇಲೆ ಕಣ್ಣನ್ನೂ.

ಈಗ ಪ್ರಶ್ನೆಗೆ ನನ್ನ ಉತ್ತರ. ಕಾರ್ಡೀಲಿಯಾ ಆ ಎರಡು ಚಂದದ ಮಾತು ಹೇಳುತ್ತಾಳೆ. ನಾಲ್ಕನೇ ಅಂಕದ ಏಳನೇ ದೃಶ್ಯದಲ್ಲಿ ಹೇಳುತ್ತಾಳೆ. ಫ್ರಾನ್ಸಿನಿಂದ ಸೈನ್ಯ ತಂದಿದ್ದಾಳೆ. ತಲೆ ಕೆಟ್ಟು ಅಲೆಯುತ್ತಿದ್ದ ಅಪ್ಪನನ್ನು ಹುಡುಕಿಸಿ, ಹೊಸ ಬಟ್ಟೆ ಹಾಕಿಸಿ ಮಲಗಿಸಿದ್ದಾರೆ. ಎಚ್ಚರವಾದ ಲಿಯರ್‌ಗೆ ಮೊದಲು ಗುರುತೇ ಸಿಗುವುದಿಲ್ಲ. ಮಂಡಿಯೂರಲು ಹೋಗುತ್ತಾನೆ. ಗುರುತು ಸಿಕ್ಕ ಮೇಲೆ, ವಿಷ ಕೊಟ್ಟರೂ ಕುಡಿಯುತ್ತೇನೆ, ನಿನ್ನ ಅಕ್ಕಂದಿರಿಗೆ ನನ್ನನ್ನು ದ್ವೇಷಿಸಲು ಕಾರಣ ಇರಲಿಲ್ಲ, ನಿನಗೆ ಇದೆ ಅನ್ನುತ್ತಾನೆ. ಅವಳು "ಕಾರಣ ಇಲ್ಲ, ಏನೂ ಕಾರಣ ಇಲ್ಲ" ಅನ್ನುತ್ತಾಳೆ.

ಅದು ಸುಳ್ಳು. ಕಾರಣ ಬೇಕಾದಷ್ಟಿತ್ತು. ತುಂಬಿದ ಸಭೆಯಲ್ಲಿ ಶಪಿಸಿ, ಬಿಡಿಗಾಸು ಕೊಡದೆ ಹೊರಗೆ ಹಾಕಿದ್ದ. ವರದಕ್ಷಿಣೆ ಇಲ್ಲ ಅಂತ ಗೊತ್ತಾದ ಕೂಡಲೇ ಬರ್ಗಂಡಿ ಕೈಬಿಟ್ಟಿದ್ದ, ಫ್ರಾನ್ಸ್ ರಾಜ ಒಪ್ಪಿದ್ದಕ್ಕೆ ಮರ್ಯಾದೆ ಉಳಿಯಿತು. ರಾಜ್ಯದ ಮೂರನೇ ಒಂದು ಪಾಲು ಸಿಗುತ್ತದೆ ಅಂದಾಗ ಹೇಳದ ಸುಳ್ಳನ್ನು, ಬಿಡಿಗಾಸೂ ಸಿಗದ ಹೊತ್ತಿನಲ್ಲಿ ತಾನಾಗಿಯೇ ಹೇಳುತ್ತಾಳೆ. ಲೆಕ್ಕ ಹಾಕುತ್ತಾ ಬಂದ ಅಪ್ಪನ ಬಾಕಿಯನ್ನೆಲ್ಲ ಆ ಒಂದೇ ಮಾತಿನಲ್ಲಿ ಅಳಿಸುತ್ತಾಳೆ. ಈ ಪಾತ್ರ ಮಾಡುವ ಹುಡುಗಿಯರಿಗೆ ನಾನು ಹೇಳುವುದಿಷ್ಟೇ, ಇಲ್ಲಿ ಬಿಕ್ಕಬೇಡಿ. ಅಪ್ಪ ಬೇಜಾರು ಮಾಡಿಕೊಂಡಾನು ಅಂತ ತಟ್ಟನೆ ಹೇಳುವ ಹಾಗೆ ಹೇಳಿ.

ಇಷ್ಟು ಹೇಳಿದರೂ ಒಂದು ಆಕ್ಷೇಪ ಬರುತ್ತದೆ. "ಆದ್ರೂ ಕೊನೆಗೆ ಅವಳ ಹಟಾನೇ ಅವಳನ್ನ ಕೊಂದಿತಲ್ಲ ಸರ್." ದಾವಣಗೆರೆ ಕಂಪನಿ ನಾಟಕದ ಊರು. ಒಳ್ಳೆಯವರು ಕಷ್ಟಪಟ್ಟರೂ ಕೊನೆಗೆ ಗೆಲ್ಲಬೇಕು ಅಂತ ನಮ್ಮ ಪ್ರೇಕ್ಷಕರಿಗೆ ಇದ್ದೇ ಇರುತ್ತದೆ. ಲಂಡನ್ನಿನವರೇನೂ ಕಡಿಮೆಯಿಲ್ಲ. 1681ರಲ್ಲಿ ನೇಹಮ್ ಟೇಟ್ ಎಂಬಾತ ಕೊನೆಯನ್ನು ಬದಲಿಸಿ ಕಾರ್ಡೀಲಿಯಾಗೆ ಎಡ್ಗರ್ ಜೊತೆ ಮದುವೆ ಮಾಡಿಸಿಬಿಟ್ಟ. ನೂರು ವರ್ಷಕ್ಕೂ ಮೇಲೆ ಅಲ್ಲಿನ ರಂಗಮಂದಿರಗಳಲ್ಲಿ ನಡೆದದ್ದು ಆ ನಾಟಕವೇ.

ಶೇಕ್ಸ್‌ಪಿಯರ್ ಬರೆದ ಕೊನೆಯಲ್ಲಿ ಅವಳ ಸಾವಿಗೆ ಹಟ ಕಾರಣ ಅಲ್ಲ. ಯುದ್ಧದಲ್ಲಿ ಸೋತು ಅಪ್ಪ ಮಗಳು ಸೆರೆಯಾಗುತ್ತಾರೆ. ಎಡ್ಮಂಡ್ ಅವರನ್ನು ಮುಗಿಸಲು ಗುಟ್ಟಾಗಿ ಆಜ್ಞೆ ಕಳಿಸಿರುತ್ತಾನೆ. ಆಮೇಲೆ ಅವನೂ ಎಡ್ಗರ್ ಕೈಯಲ್ಲಿ ಸೋತು ಬೀಳುತ್ತಾನೆ. ಗೆದ್ದವರು ತಮ್ಮ ತಮ್ಮ ಕಥೆ ಹೇಳಿಕೊಳ್ಳುತ್ತಾ ನಿಲ್ಲುತ್ತಾರೆ. ಕೆಂಟ್ ಬಂದು ರಾಜ ಎಲ್ಲಿ ಅಂತ ಕೇಳುವ ತನಕ ಗಾನರಿಲ್‌ಳ ಗಂಡ ಆಲ್ಬನಿಗೆ ಅವರ ನೆನಪೇ ಇಲ್ಲ. ಅಯ್ಯೋ, ದೊಡ್ಡ ವಿಷಯವನ್ನೇ ಮರೆತುಬಿಟ್ಟೆವಲ್ಲ ಅನ್ನುತ್ತಾನೆ. ಕೊಲೆ ನಿಲ್ಲಿಸಲು ಆಳು ಓಡುತ್ತಾನೆ. ಅಷ್ಟರಲ್ಲಿ ನೇಣು ಹಾಕಿಯಾಗಿದೆ.