ಗಾಯಗೊಂಡ ಎಪಿಥೀಲಿಯಮ್, ಕೆಳಗೆ ಫೈಬ್ರೊಬ್ಲಾಸ್ಟ್: ಚಿಕ್ಕಮಗಳೂರಿನ ಜೋಡಿ ಕಲ್ಚರ್ ಎಲ್ಲಿಗೆ ಬಂತು

ಶ್ವಾಸಕೋಶ ನಾರುಗಟ್ಟುವಾಗ ಕೊಲಾಜೆನ್ ಎಂಬ ನಾರಿನ ಪ್ರೋಟೀನ್ ಸುರಿಯುವುದು ಅಂಗಾಂಶ ಕಟ್ಟುವ ಫೈಬ್ರೊಬ್ಲಾಸ್ಟ್ ಜೀವಕೋಶ, ನಿಜ. ಆದರೆ ಅದಕ್ಕೆ ಸುರಿ ಎನ್ನುವವರು, ಸಾಕು ಎನ್ನುವವರು ಬಹುಮಟ್ಟಿಗೆ ಮೇಲಿನ ಹೊದಿಕೆಯ ಜೀವಕೋಶಗಳು, ಅಂದರೆ ಎಪಿಥೀಲಿಯಮ್. ಎರಡನ್ನೂ ಒಟ್ಟಿಗೆ ಬೆಳೆಸುವ ಈ ಜೋಡಿ ಕಲ್ಚರ್ ಕಟ್ಟಿರುವುದು ಆ ಮಾತನ್ನು ಹಿಡಿಯಲು.

24 ಗುಳಿಯ ಪ್ಲೇಟಿನ ತಳದಲ್ಲಿ ಎಂಆರ್‌ಸಿ-5 ಎಂಬ ಶ್ವಾಸಕೋಶದ ಫೈಬ್ರೊಬ್ಲಾಸ್ಟ್, ಗುಳಿಗೆ 20,000. ಮೇಲೆ 6.5 ಮಿ.ಮೀ. ಇನ್ಸರ್ಟಿನಲ್ಲಿ (ತಳದಲ್ಲಿ ರಂಧ್ರಗಳ ಪೊರೆಯಿರುವ ಪುಟ್ಟ ಬಟ್ಟಲು) 16ಎಚ್‌ಬಿಇ ಎಂಬ ಶ್ವಾಸನಾಳದ ಎಪಿಥೀಲಿಯಮ್ ಜೀವಕೋಶ, ಒಂದು ಲಕ್ಷ. ರಂಧ್ರ 0.4 ಮೈಕ್ರಾನ್ ಇರಲಿ. 3 ಮೈಕ್ರಾನ್ ಆದರೆ ಜೀವಕೋಶಗಳೇ ಕೆಳಗಿಳಿಯುತ್ತವೆ. ಜೋಡಿಸುವ 24 ಗಂಟೆ ಮೊದಲೇ ಮೀಡಿಯಂನಲ್ಲಿ (ಜೀವಕೋಶ ಬೆಳೆಸುವ ದ್ರವ) ಸೀರಂ ಶೇ 0.5ಕ್ಕೆ ಇಳಿಸಬೇಕು. ಸೀರಂನಲ್ಲೇ ನಾರುಗಟ್ಟಿಸುವ ಸಂಕೇತ ಪ್ರೋಟೀನ್ ಟಿಜಿಎಫ್-ಬೀಟಾ ಇರುವುದರಿಂದ ಶೇ 10ರಲ್ಲಿ ಬಿಟ್ಟರೆ ಹೋಲಿಕೆಗಿಟ್ಟ ಕಂಟ್ರೋಲ್ ಗುಳಿಯೂ ಉದ್ರೇಕಗೊಳ್ಳುತ್ತದೆ.

ಇನ್ಕ್ಯುಬೇಟರಿಗೆ ಊರಿನ ಎತ್ತರವೂ ಲೆಕ್ಕಕ್ಕೆ ಬರುತ್ತದೆ. ಸುಮಾರು 1,090 ಮೀಟರಿನಲ್ಲಿ ವಾಯುಒತ್ತಡ ಸಮುದ್ರಮಟ್ಟಕ್ಕಿಂತ ಎಂಟನೇ ಒಂದು ಪಾಲು ಕಡಿಮೆ. ಪರಿಮಾಣದ ಲೆಕ್ಕದಲ್ಲಿ ಶೇ 5 ಇಂಗಾಲದ ಡೈಆಕ್ಸೈಡ್ ಇಟ್ಟರೆ ಮೀಡಿಯಂ ತುಸು ಕ್ಷಾರೀಯವಾಗುತ್ತದೆ, ಶೇ 5.7ರ ಹತ್ತಿರ ಬೇಕು. ಸೆನ್ಸರ್ ಒತ್ತಡವನ್ನು ತಾನೇ ಸರಿದೂಗಿಸುತ್ತದೆಯೇ ಎಂದು ಕೈಪಿಡಿಯಲ್ಲಿ ನೋಡಿ, ರಾತ್ರಿಯಿಡೀ ಒಳಗಿಟ್ಟ ಮೀಡಿಯಂನ ಪಿಎಚ್ ಅಳೆದೇ ಅಂಕಿ ಹೊಂದಿಸಬೇಕು.

ಗಾಯಕ್ಕೆ 10 ಮೈಕ್ರೊಲೀಟರ್ ಟಿಪ್‌ನಿಂದ ಅಡ್ಡ-ಉದ್ದ ಗೀರು. ಒತ್ತಿದರೆ ಪೊರೆ ಹರಿಯುತ್ತದೆ, ಆ ಇನ್ಸರ್ಟ್ ಬಿಸಾಡುವುದೇ ಸರಿ. ಖಾಲಿ ಇನ್ಸರ್ಟ್, ಗಾಯವಿಲ್ಲದ್ದು, ಗಾಯದ್ದು, ಮತ್ತು 5 ನ್ಯಾನೊಗ್ರಾಂ/ಮಿ.ಲೀ. ಟಿಜಿಎಫ್-ಬೀಟಾ1 ಹಾಕಿದ್ದು, ಈ ನಾಲ್ಕೂ ಪ್ರತಿ ಪ್ಲೇಟಿನಲ್ಲಿ ಇರಲೇಬೇಕು.

ಎಡವುವುದು ಫಲಿತಾಂಶ ಓದುವಲ್ಲಿ. ಒಡೆದ ಎಪಿಥೀಲಿಯಮ್ ಐಎಲ್-1 ಆಲ್ಫಾ ಎಂಬ ಉರಿಯೂತದ ಸಂಕೇತ ಬಿಡುತ್ತದೆ. ಕೆಳಗಿನ ಫೈಬ್ರೊಬ್ಲಾಸ್ಟಿನಲ್ಲಿ ಅಂಥವೇ ಐಎಲ್-6, ಐಎಲ್-8 ಏರುತ್ತವೆ. ಆದರೆ ಅದೇ ಐಎಲ್-1 ಪ್ರೊಸ್ಟಗ್ಲಾಂಡಿನ್ ಇ2 ಹೆಚ್ಚಿಸಿ, ನಾರುಗಟ್ಟುವಿಕೆಯ ಗುರುತಾದ ಪ್ರೋಟೀನ್ ಆಲ್ಫಾ-ಎಸ್‌ಎಂಎಯನ್ನು ತಗ್ಗಿಸಬಲ್ಲದು. ಆಲ್ಫಾ-ಎಸ್‌ಎಂಎ ಒಂದನ್ನೇ ಅಳೆದವರು ‘ಗಾಯದಿಂದ ಏನೂ ಆಗಲಿಲ್ಲ’ ಎಂದು ಬರೆದುಬಿಡುತ್ತಾರೆ. ಉರಿಯೂತದ ದಾರಿ ಬೇರೆ, ನಾರುಗಟ್ಟುವ ದಾರಿ ಬೇರೆ. ಎರಡನ್ನೂ ಒಟ್ಟಿಗೆ ಅಳೆಯಬೇಕು. ಬಿಡಿಸಿ ನೋಡಲು ಒಂದು ಸಾಲಿಗೆ ಐಎಲ್-1 ತಡೆಯುವ ಅನಾಕಿನ್ರಾ, ಇನ್ನೊಂದಕ್ಕೆ ಪ್ರೊಸ್ಟಗ್ಲಾಂಡಿನ್ ತಯಾರಿ ತಡೆಯುವ ಇಂಡೊಮೆಥಸಿನ್ ಸೇರಿಸಿದ್ದೇವೆ.

ಕೊಲಾಜೆನ್ ಅಳೆಯುವ ಗುಳಿಗಳಿಗೆ 50 ಮೈಕ್ರೊಗ್ರಾಂ/ಮಿ.ಲೀ. ಆಸ್ಕಾರ್ಬಿಕ್ ಆಮ್ಲ, ದಿನವೂ ಹೊಸದಾಗಿ. ಅದಿಲ್ಲದೆ ಕೊಲಾಜೆನಿನ ಘಟಕವಾದ ಪ್ರೊಲೀನ್‌ಗೆ ಹೈಡ್ರಾಕ್ಸಿಲ್ ಕೂರದು, ಕೊಲಾಜೆನ್ ಸರಿಯಾಗಿ ಹೊರಬರದು.

ಈ ಕಲ್ಚರಿನಲ್ಲಿ ಮುಂದೆ ಪರೀಕ್ಷಿಸಬೇಕಿರುವುದು ಕಾಫಿ ಕ್ಯೂರಿಂಗ್ ಧೂಳಿನ ಸಾರ. ಸಾವಯವ ಧೂಳಿನಲ್ಲಿ ಎಂಡೊಟಾಕ್ಸಿನ್ (ಬ್ಯಾಕ್ಟೀರಿಯಾದ ವಿಷ) ಇರುತ್ತದೆ, ಅದೊಂದೇ ಐಎಲ್-6 ಏರಿಸಬಲ್ಲದು. ಹಾಗಾಗಿ ಸಾರದಲ್ಲಿ ಎಂಡೊಟಾಕ್ಸಿನ್ ಅಳೆಯುವವರೆಗೆ ಅದನ್ನು ಜೀವಕೋಶಕ್ಕೆ ಹಾಕುವುದಿಲ್ಲ.